ಮುಂದಿನ ಗಾಡಿ ಯಾವುದು? ಹೊಗೆಗೆ ಗಡಿ ಹಾಕಿದ ಊರುಗಳಿಗೆ ಓಡುವ ಕರಾವಳಿಯ ಚಾಲಕರಿಗೆ

2023ರಲ್ಲಿ ನಾನೊಂದು ಆರು ಚಕ್ರದ ಲಾರಿ ತೆಗೆದುಕೊಂಡೆ, ಸೆಕೆಂಡ್ ಹ್ಯಾಂಡ್. ಮಾರಿದವರು "2020 ಮಾಡೆಲ್, ಬಿಎಸ್-6 ಗಾಡಿ" ಎಂದರು. ಬಿಎಸ್ ಅಂದರೆ ಭಾರತ್ ಸ್ಟೇಜ್, ಗಾಡಿ ಎಷ್ಟು ಹೊಗೆ ಬಿಡಬಹುದು ಅಂತ ಸರಕಾರ ಹಾಕಿದ ಮಿತಿ. ನಂಬರ್ ಏರಿದಷ್ಟು ಮಿತಿ ಬಿಗಿ. ಟಯರ್ ಹೊಸತಿತ್ತು, ಕ್ಯಾಬಿನ್ ಕ್ಲೀನ್ ಇತ್ತು. ಡೀಸೆಲ್ ಟ್ಯಾಂಕಿನ ಪಕ್ಕದಲ್ಲಿ ನೀಲಿ ಮುಚ್ಚಳದ ಯೂರಿಯಾ ಟ್ಯಾಂಕ್, ಅಂದರೆ ಹೊಗೆಯ ವಿಷ ಇಳಿಸುವ ದ್ರವದ ಟ್ಯಾಂಕ್, ಕೂಡ ಇತ್ತು. ಆರ್‌ಸಿಯ ಮುಂಬದಿಯಲ್ಲಿ ರಿಜಿಸ್ಟ್ರೇಷನ್ 2020ರ ಮಾರ್ಚ್ ಅಂತ ಇತ್ತು. ಅಷ್ಟು ನೋಡಿ ಅಡ್ವಾನ್ಸ್ ಕೊಟ್ಟೆ.

ಎರಡು ವರ್ಷ ಕಳೆದು ನವೆಂಬರಿನಲ್ಲಿ ದೆಹಲಿಗೆ ಒಂದು ಲೋಡು ಬಂತು. ಟ್ರಾನ್ಸ್‌ಪೋರ್ಟ್ ಆಫೀಸಿನವರು ಆರ್‌ಸಿಯ ಎರಡೂ ಬದಿಯ ಫೋಟೋ ಕೇಳಿದರು. ಕಳಿಸಿದೆ. ಐದೇ ನಿಮಿಷದಲ್ಲಿ ಫೋನು. "ಅಣ್ಣ, ಇದು ಬಿಎಸ್-4 ಅಲ್ವಾ? ಚಳಿಗಾಲದಲ್ಲಿ ದೆಹಲಿಗೆ ಬಿಎಸ್-4 ಕಳಿಸುವ ಧೈರ್ಯ ನಮಗಿಲ್ಲ. ಯಾವ ದಿನ ಬಾರ್ಡರಿನಲ್ಲಿ ನಿಲ್ಲಿಸ್ತಾರೆ ಅಂತ ಹೇಳಲಿಕ್ಕಾಗುವುದಿಲ್ಲ."

ಆಗ ಆರ್‌ಸಿ ಕಾರ್ಡನ್ನು ತಿರುಗಿಸಿ ಹಿಂಬದಿ ಓದಿದೆ. ಸಣ್ಣ ಅಕ್ಷರದಲ್ಲಿ ಎಮಿಷನ್ ನಾರ್ಮ್ಸ್ ಅಂತ ಒಂದು ಸಾಲು. ಅದರಲ್ಲಿ ಭಾರತ್ ಸ್ಟೇಜ್ 4 ಅಂತ ಬರೆದಿತ್ತು. ಎರಡು ವರ್ಷ ಆ ಕಾರ್ಡು ನನ್ನ ಕಿಸೆಯಲ್ಲೇ ಇತ್ತು.

ದೇಶದಲ್ಲೆಲ್ಲ ಬಿಎಸ್-6 ಕಡ್ಡಾಯ ಆದದ್ದು 2020ರ ಏಪ್ರಿಲ್ 1ರಿಂದ. ಅದಕ್ಕೆ ಮುಂಚೆ ಶೋರೂಮುಗಳಲ್ಲಿ ಉಳಿದಿದ್ದ ಬಿಎಸ್-4 ಗಾಡಿಗಳನ್ನೆಲ್ಲ ಆ ವರ್ಷದ ಮೊದಲ ಮೂರು ತಿಂಗಳಲ್ಲಿ ಗಡಿಬಿಡಿಯಲ್ಲಿ ಮಾರಿ ರಿಜಿಸ್ಟರ್ ಮಾಡಿಸಿದರು. ಹಾಗಾಗಿ "2020 ಮಾಡೆಲ್" ಅಂದರೆ ಎರಡರಲ್ಲಿ ಯಾವುದೂ ಆಗಿರಬಹುದು. ಯೂರಿಯಾ ಟ್ಯಾಂಕ್ ನೋಡಿಯೂ ನಂಬುವ ಹಾಗಿಲ್ಲ. ಬಿಎಸ್-4ರ ಕಾಲದಲ್ಲೇ ಕೆಲವು ಲಾರಿಗಳಿಗೆ ಅದು ಬಂದಿತ್ತು. ಇದು ನನಗೆ ಗೊತ್ತಾದದ್ದು ಲೋಡು ಕೈತಪ್ಪಿದ ಮೇಲೆ.

ಅದಾದ ಮೇಲೆ ಮನೆಯಲ್ಲಿ ಮೂರು ಗಾಡಿಯ ಮಾತು ಒಟ್ಟಿಗೆ ಬಂತು. ನನ್ನ ಲಾರಿ ಬದಲಿಸಬೇಕು. ತಮ್ಮ ಬಜ್ಪೆ ಏರ್‌ಪೋರ್ಟಿನ ಬಾಡಿಗೆಗೆ ಟ್ಯಾಕ್ಸಿ ನೋಡುತ್ತಿದ್ದಾನೆ. ಹೆಂಡತಿಯ ಅಣ್ಣ, ಅಂದರೆ ನನ್ನ ಭಾವ, ಉಡುಪಿಯಲ್ಲಿ ರಿಕ್ಷಾ ಬದಲಿಸುವ ಹೊತ್ತಿಗೆ ಬಂದಿದ್ದರು. ಮೂವರಿಗೂ ಒಂದೇ ಉತ್ತರ ಸಿಗಲಿಲ್ಲ. ಹೊಗೆ ನೋಡಿ ಗಾಡಿ ತಡೆಯುವ ಇಂಥ ಊರುಗಳು, ಅಂದರೆ ಲೋ ಎಮಿಷನ್ ಝೋನ್‌ಗಳು, ಇರುವಾಗ ಗಾಡಿಯಿಂದಲೇ ಅನ್ನ ತಿನ್ನುವ ನಮ್ಮ ಕರಾವಳಿಯವರು ಏನೇನು ನೋಡಿ ಆರಿಸಬೇಕು ಅಂತ ಆಗ ವಿಚಾರಿಸಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಝೋನ್ ನೋಡುವುದು ಕಾಗದವನ್ನು

ಝೋನ್ ಎಂಬ ಮಾತು ನಮಗೆ ಹೊಸತಲ್ಲ. ಮಂಗಳೂರಿನ ರಿಕ್ಷಾದವರಿಗೆ ನಗರದ ಪರ್ಮಿಟ್ ಬೇರೆ, ಹಳ್ಳಿಕಡೆಯ ಪರ್ಮಿಟ್ ಬೇರೆ. ಲಾರಿಯವರಿಗೆ ಬಂಡೀಪುರ ಗೊತ್ತು. 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಗೇಟು ಹಾಕುತ್ತಾರೆ. ಊಟಿಗೆ ಟೂರಿಸ್ಟ್ ಕರೆದುಕೊಂಡು ಹೋಗುವವರಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಬಂತು. ಒಂದು ಕಡೆ ಜಾಗ ನೋಡಿ ತಡೆಯುತ್ತಾರೆ, ಇನ್ನೊಂದು ಕಡೆ ಹೊತ್ತು ನೋಡಿ, ಮತ್ತೊಂದು ಕಡೆ ಗಾಡಿಗಳ ಲೆಕ್ಕ ನೋಡಿ. ಲೋ ಎಮಿಷನ್ ಝೋನ್ ಇರುವ ಊರಿನಲ್ಲಿ ಗಾಡಿ ಎಷ್ಟು ಹೊಗೆ ಬಿಡುವ ಜಾತಿಯದ್ದು ಅಂತ ನೋಡಿ ತಡೆಯುತ್ತಾರೆ.

ಜಾತಿ ಎಂದದ್ದು ಸುಮ್ನೆ ಅಲ್ಲ. ನಿಮ್ಮ ಗಾಡಿಯ ಸೈಲೆನ್ಸರಿನಿಂದ ಇವತ್ತು ಹೊಗೆ ಬರುತ್ತದೋ ಇಲ್ಲವೋ ಅಂತ ಅಲ್ಲಿ ಯಾರೂ ಬಗ್ಗಿ ನೋಡುವುದಿಲ್ಲ. ನಂಬರ್ ಪ್ಲೇಟಿನ ಫೋಟೋ ಹೊಡೆದು, ಆ ನಂಬರಿನ ದಾಖಲೆಯಲ್ಲಿ ಯಾವ ಸ್ಟೇಜ್, ಯಾವ ಇಂಧನ ಅಂತ ನೋಡುತ್ತಾರೆ. ನಮ್ಮಲ್ಲಿ ತುಂಬ ಜನ ಇಲ್ಲೇ ತಪ್ಪು ತಿಳಿದಿದ್ದಾರೆ. "ಎಮಿಷನ್ ಟೆಸ್ಟ್ ಪಾಸ್ ಆಗಿದೆ, ಇನ್ನೇನು?" ಎನ್ನುತ್ತಾರೆ. ಟೆಸ್ಟ್ ಬೇಕೇ ಬೇಕು. ಬಿಎಸ್-4 ಮತ್ತು ಬಿಎಸ್-6 ಗಾಡಿಗೆ ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯದಕ್ಕೆ ಆರು ತಿಂಗಳಿಗೊಮ್ಮೆ. 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯಲ್ಲಿ ಇದರ ದಂಡ 10,000 ರೂಪಾಯಿ ತನಕ ಹೋಗುತ್ತದೆ. ಆದರೆ ಚೆನ್ನಾಗಿ ಸಾಕಿದ ಬಿಎಸ್-3 ಗಾಡಿ ಟೆಸ್ಟಿನಲ್ಲಿ ಪಾಸ್ ಆದರೂ ಝೋನಿನವರ ಲೆಕ್ಕದಲ್ಲಿ ಅದು ಬಿಎಸ್-3ಯೇ.

ಸ್ಟೇಜಿನಿಂದ ಸ್ಟೇಜಿಗೆ ವ್ಯತ್ಯಾಸ ಎಷ್ಟು ಅಂತ ಕೇಳಿದರೆ, ಡೀಸೆಲ್ ಕಾರಿನ ಲೆಕ್ಕ ಹೇಳುತ್ತೇನೆ. ಹೊಗೆಯ ಕಪ್ಪು ಕಣ ಬಿಎಸ್-4ರಲ್ಲಿ ಕಿಲೋಮೀಟರಿಗೆ 25 ಮಿಲಿಗ್ರಾಂ ತನಕ ಬಿಡಬಹುದಿತ್ತು. ಬಿಎಸ್-6ರಲ್ಲಿ ಅದು 4.5ಕ್ಕೆ ಇಳಿಯಿತು. ಕಣ್ಣು, ಗಂಟಲು ಉರಿಸುವ ನೈಟ್ರೋಜನ್ ಆಕ್ಸೈಡ್ 250ರಿಂದ 80ಕ್ಕೆ ಇಳಿಯಿತು. ಡೀಸೆಲಿನಲ್ಲಿರುವ ಗಂಧಕವೂ 50 ಪಿಪಿಎಂನಿಂದ (ಹತ್ತು ಲಕ್ಷದಲ್ಲಿ 50 ಭಾಗ) 10ಕ್ಕೆ ಬಂತು.

ಇದನ್ನೆಲ್ಲ ಬರೀ ಸರಕಾರದ ಕಿರಿಕಿರಿ ಅಂತ ನಾನು ನೋಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2012ರಲ್ಲಿ ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಅಂತ ಖಚಿತವಾಗಿ ಹೇಳಿತು. ನಂತೂರು ಸರ್ಕಲಿನಲ್ಲಿ ಸಂಜೆ ಆರಕ್ಕೆ ಗಾಡಿ ನಿಂತಾಗ ಮುಂದಿನ ಲಾರಿಯ ಹೊಗೆ ಯಾರ ಕಿಟಕಿಗೆ ಬರುತ್ತದೆ? ದಿನಕ್ಕೆ ಹತ್ತು, ಹನ್ನೆರಡು ಗಂಟೆ ಅದನ್ನು ಉಸಿರಾಡುವವರು ನಾವೇ ಅಲ್ವಾ.

ದುಡ್ಡು ಕಟ್ಟಿ ಹೋಗುವ ಊರು, ಕಟ್ಟಿದರೂ ಬಿಡದ ಊರು

ಮಂಗಳೂರು, ಉಡುಪಿಯಲ್ಲಿ ಇಂಥ ಝೋನ್ ಇಲ್ಲ. ನಮ್ಮವರು ಓಡುವ ಕೊಚ್ಚಿ, ಗೋವಾ, ಬೆಂಗಳೂರು ದಾರಿಯಲ್ಲೂ ಸ್ಟೇಜ್ ಕೇಳಿ ಯಾರೂ ಗಾಡಿ ನಿಲ್ಲಿಸುವುದಿಲ್ಲ. ನಮ್ಮ ದೇಶದಲ್ಲಿ ಇದರ ಬಿಸಿ ನಿಜವಾಗಿ ತಟ್ಟುವುದು ದೆಹಲಿಯಲ್ಲಿ. ಹೊರಗಿನ ಲೆಕ್ಕಕ್ಕೆ ಲಂಡನ್ ತೆಗೆದುಕೊಳ್ಳಿ. ಇವೆರಡನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಝೋನ್ ಎಷ್ಟು ಬಗೆ ಅಂತ ಗೊತ್ತಾಗುತ್ತದೆ.

ಲಂಡನ್ನಿನ ಅಲ್ಟ್ರಾ ಲೋ ಎಮಿಷನ್ ಝೋನ್ 2019ರ ಏಪ್ರಿಲ್ 8ಕ್ಕೆ ನಡು ಪೇಟೆಯಲ್ಲಿ ಶುರುವಾಯಿತು. 2023ರ ಆಗಸ್ಟ್ 29ರಿಂದ ಇಡೀ ಲಂಡನ್ನಿಗೆ ಹಬ್ಬಿತು. ನಮ್ಮ ಭಾರತ್ ಸ್ಟೇಜಿನ ಹಾಗೆ ಅಲ್ಲಿ ಯೂರೋ ಸ್ಟೇಜ್. ಪೆಟ್ರೋಲ್ ಕಾರು ಯೂರೋ-4 ಇದ್ದರೆ ಸಾಕು, ಡೀಸೆಲ್ ಆದರೆ ಯೂರೋ-6 ಬೇಕು. ಇಲ್ಲದಿದ್ದರೆ ಕಾರು, ವ್ಯಾನಿಗೆ ದಿನಕ್ಕೆ 12.50 ಪೌಂಡ್. ಕ್ರಿಸ್ಮಸ್ ದಿನ ಬಿಟ್ಟು ವರ್ಷವಿಡೀ, ಹಗಲೂ ರಾತ್ರಿಯೂ. ಗೇಟು ಇಲ್ಲ, ತಡೆಯುವವರಿಲ್ಲ, ಕ್ಯಾಮೆರಾ ಮಾತ್ರ. ಕಟ್ಟಲು ಮರೆತರೆ 180 ಪೌಂಡ್ ದಂಡ, ಹದಿನಾಲ್ಕು ದಿನದೊಳಗೆ ಕಟ್ಟಿದರೆ ಅರ್ಧ. ದೊಡ್ಡ ಲಾರಿಗೆ 2008ರಿಂದಲೇ ಬೇರೆ ಝೋನ್ ಇದೆ. ಅಲ್ಲಿ ಯೂರೋ-6 ಇಲ್ಲದ ಲಾರಿಗೆ ದಿನಕ್ಕೆ 100 ಪೌಂಡ್, ತೀರಾ ಹಳೆಯದಾದರೆ 300.

ದೆಹಲಿಯಲ್ಲಿ ಎರಡೂ ಉಂಟು, ದುಡ್ಡೂ ಉಂಟು, ತಡೆಯೂ ಉಂಟು. 2015ರಲ್ಲಿ ಸುಪ್ರೀಂ ಕೋರ್ಟ್ ಊರೊಳಗೆ ಬರುವ ಸರಕು ಗಾಡಿಗಳಿಗೆ ಪರಿಸರ ಪರಿಹಾರ ಶುಲ್ಕ ಹಾಕಿಸಿತು. ಮೊದಲು ಸಣ್ಣ ಗಾಡಿ, ಎರಡು ಆಕ್ಸಲ್ ಲಾರಿಗೆ 700, ಮೂರು ಆಕ್ಸಲಿನಿಂದ ಮೇಲೆ 1,300 ರೂಪಾಯಿ ಇತ್ತು. ಅದೇ ಡಿಸೆಂಬರಿನಲ್ಲಿ 1,400 ಮತ್ತು 2,600 ಆಯಿತು. ಇದು ದುಡ್ಡಿನ ಮಾತು, ಬಾಡಿಗೆಗೆ ಸೇರಿಸಿ ಕೇಳಬಹುದು.

ತಡೆಯ ಮಾತು ಬೇರೆ. 2025ರ ನವೆಂಬರ್ 1ರಿಂದ ದೆಹಲಿ ರಿಜಿಸ್ಟ್ರೇಷನ್ ಅಲ್ಲದ ಸರಕು ಗಾಡಿ ಬಿಎಸ್-6, ಸಿಎನ್‌ಜಿ, ಎಲ್‌ಎನ್‌ಜಿ (ತಣಿಸಿ ದ್ರವ ಮಾಡಿದ ಗ್ಯಾಸ್) ಅಥವಾ ಎಲೆಕ್ಟ್ರಿಕ್ ಆಗಿರಬೇಕು ಅಂತ ಆದೇಶ ಬಂತು. ಬಿಎಸ್-4ಕ್ಕೆ 2026ರ ಅಕ್ಟೋಬರ್ 31ರ ತನಕ ವಾಯಿದೆ ಕೊಟ್ಟರು. ವಾಯಿದೆ ಇದ್ದ ಕಾಲದಲ್ಲೂ ಗ್ರ್ಯಾಪ್ ಎಂಬುದು ತಲೆಯ ಮೇಲೆ ತೂಗುತ್ತಿರುತ್ತದೆ. ಗಾಳಿ ಹಾಳಾದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಬಿಗಿ ಮಾಡುವ ಯೋಜನೆ ಅದು. ಮೂರನೇ ಮೆಟ್ಟಿಲಿಗೆ ಬಿಎಸ್-3 ಪೆಟ್ರೋಲ್ ಮತ್ತು ಬಿಎಸ್-4 ಡೀಸೆಲ್ ಕಾರುಗಳು ನಿಲ್ಲುತ್ತವೆ. ನಾಲ್ಕನೆಯದಕ್ಕೆ, ಅಗತ್ಯ ಸಾಮಾನು ತರುವವು ಬಿಟ್ಟರೆ, ಬಿಎಸ್-6 ಅಲ್ಲದ ಡೀಸೆಲ್ ಲಾರಿಗಳು ಬಾರ್ಡರಿನಲ್ಲೇ ನಿಲ್ಲುತ್ತವೆ. ಮಂಗಳೂರಿನಿಂದ ಎರಡು ಸಾವಿರ ಕಿಲೋಮೀಟರಿಗೂ ಜಾಸ್ತಿ ಓಡಿಸಿ ಹೋಗಿ ಬಾರ್ಡರಿನಲ್ಲಿ ಮೂರು ದಿನ ಚಳಿಯಲ್ಲಿ ಮಲಗುವುದು ಅಂದರೆ ಏನು ಅಂತ ಲಾರಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ದುಡ್ಡು ಕಟ್ಟಿ ಹೋಗುವ ಝೋನಾದರೆ ಹಳೆಯ ಗಾಡಿಯಲ್ಲೂ ಲೆಕ್ಕ ಹಾಕಬಹುದು. ವರ್ಷಕ್ಕೆ ನಾಲ್ಕು ಟ್ರಿಪ್ ಆದರೆ ಕಟ್ಟುವುದೇ ಲಾಭ, ತಿಂಗಳಿಗೆ ನಾಲ್ಕು ಆದರೆ ಗಾಡಿ ಬದಲಿಸುವುದು ಲಾಭ. ತಡೆಯುವ ಝೋನಾದರೆ ಲೆಕ್ಕವೇ ಇಲ್ಲ, ಸರಿಯಾದ ಗಾಡಿ ಬೇಕು. ಇಲ್ಲವೇ ಸುತ್ತಿ ಹೋಗಬೇಕು. ಲೂಧಿಯಾನಕ್ಕೆ ಲೋಡು ಇದ್ದರೆ ದೆಹಲಿಯೊಳಗೆ ಯಾಕೆ ಹೋಗಬೇಕು? ಮಾನೇಸರದಿಂದ ಕುಂಡ್ಲಿಗೆ ವೆಸ್ಟರ್ನ್ ಪೆರಿಫೆರಲ್ ಎಕ್ಸ್‌ಪ್ರೆಸ್‌ವೇ ಇದೆ. ದೆಹಲಿಯಲ್ಲೇ ಇಳಿಸುವ ಲೋಡಾದರೆ ಹೊರಗೆ ಗೋದಾಮಿನಲ್ಲಿ ಇಳಿಸಿ, ಅಲ್ಲಿಯ ಸಣ್ಣ ಗಾಡಿಗೆ ಹಾಕುವುದೂ ಒಂದು ದಾರಿ. ಆ ಇಳಿಸುವ, ಏರಿಸುವ ಕೂಲಿ ಯಾರದ್ದು ಅಂತ ಪಾರ್ಟಿಯ ಹತ್ತಿರ ಮೊದಲೇ ಮಾತಾಡಿಕೊಳ್ಳಬೇಕು.

ಇನ್ನೂ ಬಿಗಿಯಾದ್ದು ನೋಡಬೇಕಿದ್ದರೆ ಆಗ್ರಾಕ್ಕೆ ಹೋಗಬೇಕು. ತಾಜ್ ಮಹಲಿನ 500 ಮೀಟರ್ ಒಳಗೆ ಹೊರಗಿನ ಪೆಟ್ರೋಲ್, ಡೀಸೆಲ್ ಗಾಡಿ ಬಿಡುವುದಿಲ್ಲ. ದೂರದಲ್ಲಿ ನಿಲ್ಲಿಸಿ ಬ್ಯಾಟರಿ ಗಾಡಿ ಹತ್ತಬೇಕು.

ಬಿಎಸ್-6 ಡೀಸೆಲ್: ದೂರ ಓಡುವವರಿಗೆ ಮಾತ್ರ

ಲಾರಿಗೆ, ದೂರದ ಪಿಕಪ್‌ಗೆ, ಘಾಟಿ ಹತ್ತುವ ಟ್ರಾವೆಲರಿಗೆ ನನ್ನ ಆಯ್ಕೆ ಬಿಎಸ್-6 ಡೀಸೆಲ್. ಶಿರಾಡಿಯ ಏರಿನಲ್ಲಿ ಲೋಡು ಎಳೆಯುವುದಕ್ಕೆ ಬೇರೆ ಯಾವುದೂ ಅಷ್ಟು ಧೈರ್ಯ ಕೊಡುವುದಿಲ್ಲ. ಆದರೆ ಈ ಗಾಡಿಯನ್ನು ಹಳೆಯ ಡೀಸೆಲಿನ ಹಾಗೆ ಓಡಿಸಿದರೆ ಕೈ ಸುಡುತ್ತದೆ. ಎರಡು ಸಂಗತಿ ಗೊತ್ತಿರಲೇಬೇಕು.

ಒಂದು, ಡಿಪಿಎಫ್. ಹೊಗೆಯ ಕಪ್ಪು ಹಿಡಿದು ಇಟ್ಟುಕೊಳ್ಳುವ ಫಿಲ್ಟರು ಅದು, ಸೈಲೆನ್ಸರಿನ ದಾರಿಯಲ್ಲೇ ಕೂತಿರುತ್ತದೆ. ಹಿಡಿದ ಕಪ್ಪನ್ನು ಅದು ಆಗಾಗ ಸುಟ್ಟುಕೊಳ್ಳಬೇಕು. ಸುಡಬೇಕಾದರೆ ಇಂಜಿನ್ ಚೆನ್ನಾಗಿ ಕಾದು, ಒಂದೇ ಸ್ಪೀಡಿನಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ ಓಡಬೇಕು. ನಮ್ಮೂರಿನ ಒಬ್ಬರು ಹೊಸ ಬಿಎಸ್-6 ಪಿಕಪ್ ತೆಗೆದು ಮೀನಿಗೆ ಹಾಕಿದರು. ಬೆಳಗಿನ ಜಾವ ದಕ್ಕೆಯಲ್ಲಿ ಲೋಡು, ಅಲ್ಲಿಂದ ಪೇಟೆಯ ಮಾರ್ಕೆಟು, ನಾಲ್ಕೈದು ಕಿಲೋಮೀಟರ್. ಮತ್ತೆ ದಕ್ಕೆ. ಹರಾಜು ಮುಗಿಯುವ ತನಕ ಇಂಜಿನ್ ಚಾಲೂ. ಮೂರು ತಿಂಗಳಿಗೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಲೈಟು ಬಂತು. ಇದೇನೋ ಸೆನ್ಸರಿನದ್ದು ಅಂತ ಅವರು ಬಿಟ್ಟರು. ಆಮೇಲೆ ಕೆಂಪು ಲೈಟು ಬಂತು, ಗಾಡಿ ಎಳೆಯಲೇ ಇಲ್ಲ. ಫಿಲ್ಟರು ಕಟ್ಟಿಹೋಗಿತ್ತು.

ಹಳದಿ ಲೈಟು ಬಂದ ದಿನವೇ ಅವರು ಖಾಲಿ ಗಾಡಿಯನ್ನು ಕೂಳೂರಿನಿಂದ ಮೂಲ್ಕಿ ತನಕ ಹೈವೇಯಲ್ಲಿ ಒಮ್ಮೆ ಓಡಿಸಿ ಬಂದಿದ್ದರೆ ಸಾಕಿತ್ತು. ಪೇಟೆಯೊಳಗೇ ಸುತ್ತುವ ಬಿಎಸ್-6 ಡೀಸೆಲಿಗೆ ವಾರಕ್ಕೊಮ್ಮೆ ಇಂಥ ಓಟ ಬೇಕು. ಲಾರಿಗಳಲ್ಲಿ ನಿಂತಲ್ಲೇ ಸುಡಿಸುವ ಸ್ವಿಚ್ ಇರುತ್ತದೆ. ಅದನ್ನು ಒತ್ತುವ ಮುಂಚೆ ಗಾಡಿ ಎಲ್ಲಿ ನಿಂತಿದೆ ಅಂತ ನೋಡಿ. ಸೈಲೆನ್ಸರ್ ಕೆಂಡದ ಹಾಗೆ ಕಾಯುತ್ತದೆ. ಕೆಳಗೆ ಒಣ ಹುಲ್ಲು, ಬೈಹುಲ್ಲು ಇರಬಾರದು.

ಎರಡು, ಯೂರಿಯಾ. ನಾವು ಯೂರಿಯಾ ಅಂತ ಕರೆಯುವ ಆ ನೀಲಿ ಕ್ಯಾನಿನ ನೀರು 32.5 ಶೇಕಡಾ ಶುದ್ಧ ಯೂರಿಯಾ, ಉಳಿದದ್ದು ಶುದ್ಧ ನೀರು. ಮುಗಿದರೆ ಇಂಜಿನ್ ತಾನಾಗಿ ಪವರ್ ಕಡಿಮೆ ಮಾಡುತ್ತದೆ. ಗುಂಡ್ಯದ ಹತ್ತಿರ, ಹಿಂದೆ ಬಸ್ಸುಗಳು ಹಾರ್ನ್ ಹೊಡೆಯುತ್ತಿರುವಾಗ ಅದು ಆಗುವುದು ಬೇಡ. ಘಾಟಿ ಹತ್ತುವ ಮುಂಚೆ ಉಪ್ಪಿನಂಗಡಿಯಲ್ಲೇ ಗೇಜ್ ನೋಡಿಬಿಡಿ. ಇನ್ನೊಂದು ಮಾತು, ಗೊಬ್ಬರದ ಯೂರಿಯಾ ಬಾವಿ ನೀರಿಗೆ ಕಲಸಿ ಹಾಕುವವರೂ ಇದ್ದಾರೆ. ದಯವಿಟ್ಟು ಬೇಡ. ಗೊಬ್ಬರದಲ್ಲಿರುವ ಬೇರೆ ಸಾಮಾನು ಸೈಲೆನ್ಸರಿನೊಳಗೆ ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟನ್ನು ಹಾಳು ಮಾಡುತ್ತದೆ. ಅದನ್ನು ಬದಲಿಸುವ ಖರ್ಚಿನಲ್ಲಿ ಎಷ್ಟೋ ವರ್ಷದ ಕ್ಯಾನ್ ಬರುತ್ತದೆ.

ಕೆಲವು ಗ್ಯಾರೇಜಿನಲ್ಲಿ ಫಿಲ್ಟರು ತೆಗೆದು, ಯೂರಿಯಾ ಕಟ್ ಮಾಡಿ "ಸಾಫ್ಟ್‌ವೇರ್" ಹಾಕಿಕೊಡುತ್ತಾರೆ. ಆಗ ಕಾಗದದಲ್ಲಿ ಬಿಎಸ್-6, ರಸ್ತೆಯಲ್ಲಿ ಬಿಎಸ್-3. ಸೆಕೆಂಡ್ ಹ್ಯಾಂಡ್ ತೆಗೆಯುವಾಗ ಸೈಲೆನ್ಸರಿನ ತುದಿಗೆ ಬಿಳಿ ಬಟ್ಟೆ ಹಾಕಿ ಒರೆಸಿ. ಫಿಲ್ಟರು ಸರಿ ಇದ್ದರೆ ಬಟ್ಟೆಗೆ ಕಪ್ಪು ಹತ್ತುವುದೇ ಇಲ್ಲ ಎನ್ನಬಹುದು. ಮಸಿ ಹತ್ತಿದರೆ ಆ ಗಾಡಿ ಬಿಟ್ಟುಬಿಡಿ.

ಸಿಎನ್‌ಜಿ: ಟ್ಯಾಕ್ಸಿಗೆ ಸರಿ, ಡಿಕ್ಕಿ ಮಾತ್ರ ಹೋಯಿತು

ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರ್ ಗ್ಯಾಸ್ ಪೈಪ್‌ಲೈನ್ 2021ರ ಜನವರಿ 5ರಂದು ಉದ್ಘಾಟನೆ ಆಯಿತು. ಆಮೇಲೆ ನಮ್ಮ ಕಡೆ ಸಿಎನ್‌ಜಿ ಬಂಕುಗಳು ಒಂದೊಂದಾಗಿ ಬಂದವು. ಝೋನಿನ ದೃಷ್ಟಿಯಿಂದ ಇದು ನೆಮ್ಮದಿಯ ಇಂಧನ. ದೆಹಲಿ ನಾಲ್ಕನೇ ಮೆಟ್ಟಿಲಿಗೆ ಹೋದರೂ ಸಿಎನ್‌ಜಿ ಲಾರಿ ಒಳಗೆ ಹೋಗುತ್ತದೆ. ಸುಪ್ರೀಂ ಕೋರ್ಟ್ 1998ರಲ್ಲಿ ಆದೇಶ ಮಾಡಿ ದೆಹಲಿಯ ಬಸ್ಸುಗಳನ್ನೆಲ್ಲ ಇದಕ್ಕೆ ಬದಲಿಸಿದ್ದು ನೆನಪಿರಬಹುದು.

ತಮ್ಮನಿಗೆ ನಾನು ಹೇಳಿದ್ದು ಇದನ್ನೇ. ಕಾರಿಗೆ ಪೆಟ್ರೋಲ್ ಟ್ಯಾಂಕೂ ಇರುತ್ತದೆ, ಗ್ಯಾಸ್ ಮುಗಿದರೆ ದಾರಿಯಲ್ಲಿ ಕೂರಬೇಕಿಲ್ಲ. ಅವನ ತಕರಾರು ಒಂದೇ, ಡಿಕ್ಕಿ. ದುಬೈಯಿಂದ, ದಮ್ಮಾಮಿನಿಂದ ಬರುವವರನ್ನು ನೀವು ನೋಡಿರಬಹುದು. ಹಗ್ಗ ಕಟ್ಟಿ, ಟೇಪು ಸುತ್ತಿ, ಮೇಲೆ ಮಾರ್ಕರಿನಲ್ಲಿ ಹೆಸರು ಬರೆದ ದೊಡ್ಡ ದೊಡ್ಡ ರಟ್ಟಿನ ಪೆಟ್ಟಿಗೆಗಳು. ಸಿಲಿಂಡರ್ ಇರುವ ಡಿಕ್ಕಿಯಲ್ಲಿ ಅವು ಹೋಗುವುದಿಲ್ಲ. ಮೇಲೆ ಕ್ಯಾರಿಯರ್ ಹಾಕಿದರೆ ಜೂನ್, ಜುಲೈಯಲ್ಲಿ ಟರ್ಪಾಲು ಹಾಕಿ ಕಟ್ಟುತ್ತಾ ನಿಲ್ಲಬೇಕು. ಸಿಲಿಂಡರನ್ನು ಎರಡಾಗಿ ಒಡೆದು ನೆಲದಡಿಗೆ ಇಟ್ಟ ಕಾರುಗಳೂ ಬಂದಿವೆ. ಏರ್‌ಪೋರ್ಟ್ ಬಾಡಿಗೆಯವರು ಅಂಥದ್ದನ್ನೇ ನೋಡಬೇಕು.

ಬಂಕಿನ ಕ್ಯೂ ಇನ್ನೊಂದು ವಿಷಯ. ಕ್ಯೂ ಉದ್ದ ಇದ್ದಾಗ ಪ್ರೆಷರ್ ಇಳಿದು ಸಿಲಿಂಡರ್ ಪೂರ್ತಿ ತುಂಬುವುದಿಲ್ಲ. ಬೆಳಿಗ್ಗೆ ಬೇಗ ಹೋಗಿ ತುಂಬಿಸುವುದು ರೂಢಿ ಮಾಡಿಕೊಳ್ಳಬೇಕು. ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಹೈಡ್ರೋ ಟೆಸ್ಟ್, ಅಂದರೆ ನೀರಿನ ಒತ್ತಡದ ಪರೀಕ್ಷೆ, ಮಾಡಿಸಬೇಕು. ನಮ್ಮ ಉಪ್ಪು ಗಾಳಿಗೆ ಮಲ್ಪೆ, ಪಣಂಬೂರಿನ ಹತ್ತಿರ ನಿಲ್ಲುವ ಗಾಡಿಯ ಬ್ರಾಕೆಟ್, ಬೋಲ್ಟು ಬೇಗ ತುಕ್ಕು ಹಿಡಿಯುತ್ತದೆ. ಒಳಗೆ 200 ಬಾರ್ ಪ್ರೆಷರ್ ಇರುವ ವಸ್ತು, ಅದರ ಬೋಲ್ಟನ್ನು ಸರ್ವಿಸಿಗೆ ಹೋದಾಗಲೆಲ್ಲ ಕಣ್ಣಾರೆ ನೋಡಿಯೇ ಬರಬೇಕು. ಹೊರಗೆ ಕಿಟ್ ಹಾಕಿಸಿದ್ದಾದರೆ ಆರ್‌ಸಿಯಲ್ಲಿ ಸಿಎನ್‌ಜಿ ಅಂತ ಬರೆಸಬೇಕು. ಆರ್‌ಸಿಯಲ್ಲಿ ಇಲ್ಲದ ಸಿಲಿಂಡರಿಗೆ ಝೋನಿನಲ್ಲೂ ಬೆಲೆ ಇಲ್ಲ, ಇನ್ಶೂರೆನ್ಸಿನಲ್ಲೂ ಇಲ್ಲ.

ಎಲೆಕ್ಟ್ರಿಕ್: ಭಾವನ ರಿಕ್ಷಾ

ಯಾವ ಊರಿನ ಯಾವ ಝೋನಿಗೂ ಹೆದರದ ಗಾಡಿ ಇದೊಂದೇ. ಹಸಿರು ಪ್ಲೇಟಿನ ಮೇಲೆ ಹಳದಿ ಅಕ್ಷರ ಇದ್ದರೆ ಬಾಡಿಗೆಯ ಎಲೆಕ್ಟ್ರಿಕ್, ಬಿಳಿ ಅಕ್ಷರ ಇದ್ದರೆ ಸ್ವಂತದ್ದು. ನಾಳೆ ಉಡುಪಿಯ ರಥಬೀದಿ ಸುತ್ತಲೋ ಹಂಪನಕಟ್ಟೆಯಲ್ಲೋ ಇಂಥ ನಿಯಮ ಬಂದರೂ ಇದನ್ನು ಯಾರೂ ತಡೆಯುವುದಿಲ್ಲ.

ಭಾವ ಹಳೆಯ ರಿಕ್ಷಾ ಕೊಟ್ಟು ಎಲೆಕ್ಟ್ರಿಕ್ ತೆಗೆದರು. ಅವರ ಓಟ ಕಲ್ಸಂಕ, ಮಲ್ಪೆ, ಮಣಿಪಾಲ. ದಿನಕ್ಕೆ 80, 90 ಕಿಲೋಮೀಟರ್ ಆಗುತ್ತದೆ. ಮಲ್ಪೆ ದಾರಿ ಸಮತಟ್ಟು, ಬ್ಯಾಟರಿ ಇಳಿಯುವುದೇ ಗೊತ್ತಾಗುವುದಿಲ್ಲ. ಇಂದ್ರಾಳಿಯಿಂದ ಮಣಿಪಾಲಕ್ಕೆ ಮೂರು ಜನ ಕೂತು ಹತ್ತುವಾಗ ಮಾತ್ರ ಶೇಕಡಾ ಲೆಕ್ಕ ಸರಸರ ಇಳಿಯುತ್ತದೆ. ಹಿಂದೆ ಬರುವಾಗ ಇಳಿಜಾರಿನಲ್ಲಿ ಸ್ವಲ್ಪ ವಾಪಸ್ ಸಿಗುತ್ತದೆ. ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಒಂದು ಗಂಟೆ ಚಾರ್ಜಿಗೆ ಹಾಕುತ್ತಾರೆ. "ಸಂಜೆ ಸೊಂಟ ನೋವು ಕಡಿಮೆ ಆಯಿತು ಮಾರಾಯ್ರೆ, ಆ ನಡುಕವೇ ಇಲ್ಲ" ಅಂತ ಅವರು ಹೇಳಿದ್ದು ನನಗೆ ಯಾವ ಮೈಲೇಜ್ ಲೆಕ್ಕಕ್ಕಿಂತಲೂ ದೊಡ್ಡದಾಗಿ ಕಂಡಿತು.

ಆದರೆ ಎಲ್ಲರಿಗೂ ಇದನ್ನೇ ಹೇಳುವ ಧೈರ್ಯ ನನಗಿಲ್ಲ. ಭಾವನಿಗೆ ಸ್ವಂತ ಮನೆ ಇದೆ, ಜಗಲಿಯಲ್ಲಿ ಪ್ಲಗ್ ಪಾಯಿಂಟ್ ಇದೆ. ಬಾಡಿಗೆ ಮನೆಯಲ್ಲಿರುವವರು ಮಾಲೀಕರ ಒಪ್ಪಿಗೆ ಇಲ್ಲದೆ ತೆಗೆಯಬೇಡಿ. ದಿನಾ ರಾತ್ರಿ ಚಾರ್ಜಿಗೆ ಅಲೆಯುವುದು ಅಂದರೆ ದುಡಿದದ್ದರಲ್ಲಿ ಅರ್ಧ ನೆಮ್ಮದಿ ಹೋಯಿತು. ಮೆಸ್ಕಾಂನಲ್ಲಿ ಚಾರ್ಜಿಂಗಿಗೆ ಬೇರೆ ದರ ಇದೆ, ಕೇಳಿ ನೋಡಿ. ಬ್ಯಾಟರಿಯ ವಾರಂಟಿ ಎಷ್ಟು ವರ್ಷ, ಎಷ್ಟು ಕಿಲೋಮೀಟರ್, ನೀರು ನುಗ್ಗಿದರೆ ಕೊಡುತ್ತಾರೋ ಇಲ್ಲವೋ, ಇವು ಮೂರನ್ನೂ ಕಾಗದದಲ್ಲಿ ಓದಿ. ಕೊಟ್ಟಾರ ಚೌಕಿಯಲ್ಲಿ ಮಳೆಗಾಲದಲ್ಲಿ ನೀರು ನಿಂತದ್ದನ್ನು ಕಂಡವರಿಗೆ ಈ ಮಾತು ಯಾಕೆ ಅಂತ ಗೊತ್ತು.

ಪರ್ಮಿಟ್ ವಿಷಯ ಸ್ವಲ್ಪ ಸೂಕ್ಷ್ಮ. 2018ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಬ್ಯಾಟರಿ ಗಾಡಿಗಳಿಗೆ ಪರ್ಮಿಟ್ ಬೇಡ ಎಂದಿತು. ಪರ್ಮಿಟ್ ಇಟ್ಟುಕೊಂಡು ವರ್ಷಗಟ್ಟಲೆ ದುಡಿದವರಿಗೆ ಇದರಿಂದ ಬೇಸರ ಆಗಿದೆ, ಮಂಗಳೂರಿನಲ್ಲಿ ಪ್ರತಿಭಟನೆಗಳೂ ಆಗಿವೆ. ಅವರ ಬೇಸರದಲ್ಲಿ ನ್ಯಾಯ ಇದೆ. ಗಾಡಿ ತೆಗೆಯುವ ಮುಂಚೆಯೇ ನೀವು ನಿಲ್ಲಿಸುವ ಸ್ಟ್ಯಾಂಡಿನವರ ಹತ್ತಿರ ಕೂತು ಮಾತಾಡಿ. ಭಾವ ಹಾಗೆಯೇ ಮಾಡಿದ್ದು, ಅವರಿಗೆ ತೊಂದರೆ ಆಗಲಿಲ್ಲ.

ಲಾರಿಗೆ, ಬೆಂಗಳೂರು ಓಡುವ ಟ್ಯಾಕ್ಸಿಗೆ ಎಲೆಕ್ಟ್ರಿಕ್ ನಾನು ಸದ್ಯಕ್ಕೆ ಹೇಳುವುದಿಲ್ಲ. ಘಾಟಿ ಹತ್ತಿದ ಮೇಲೆ ಚಾರ್ಜಿಗೆ ಕಾಯುವ ಹೊತ್ತಿನಲ್ಲಿ ಒಂದು ಬಾಡಿಗೆ ಹೋಗುತ್ತದೆ.

ಹಳೆಯದನ್ನೇ ಇಟ್ಟುಕೊಂಡರೆ?

ಇಟ್ಟುಕೊಳ್ಳಬಹುದು. ಸಾಲ ತೀರಿದ ಬಿಎಸ್-4 ಗಾಡಿ ಕೈಯಲ್ಲಿದ್ದು, ಓಟ ಹಾಸನ, ಕಾಸರಗೋಡು, ಕಾರವಾರದೊಳಗೆ ಇದ್ದರೆ, ಝೋನಿಗೆ ಹೆದರಿ ಹೊಸ ಕಂತು ಮೈಮೇಲೆ ಎಳೆದುಕೊಳ್ಳುವ ಅಗತ್ಯ ಇಲ್ಲ. ಹೊಸದಾಗಿ ಬಿಎಸ್-4 ಕೊಳ್ಳುವುದು ಮಾತ್ರ ಬೇಡ. ಕಡಿಮೆ ರೇಟಿಗೆ ಸಿಗುತ್ತದೆ ನಿಜ. ಉತ್ತರದ ಊರುಗಳು ಬೇಡ ಎಂದ ಗಾಡಿಗಳು ತೆಂಕಣಕ್ಕೆ ಇಳಿಯುತ್ತಿವೆ, ರೇಟು ಕಡಿಮೆ ಆಗಿರುವುದು ಅದಕ್ಕೇ. ನಾಳೆ ನೀವು ಮಾರುವಾಗ ಅದು ಇನ್ನೂ ಕಡಿಮೆ ಆಗಿರುತ್ತದೆ.

ಸಂಬಳಕ್ಕೆ ದುಡಿಯುವವರಿಗೆ ಒಂದು ಮಾತು

ಗಾಡಿ ನಿಮ್ಮದಲ್ಲದಿದ್ದರೆ ಆಯ್ಕೆ ಮಾಲೀಕರದ್ದು, ಆದರೆ ಬಾರ್ಡರಿನಲ್ಲಿ ನಿಲ್ಲುವವರು ನೀವು. ಹೊರಡುವ ಮುಂಚೆ ಆರ್‌ಸಿ, ಎಮಿಷನ್, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಇನ್ಶೂರೆನ್ಸ್ ನಾಲ್ಕರದ್ದೂ ಫೋಟೋ ನಿಮ್ಮ ಫೋನಿನಲ್ಲಿರಲಿ. "ಝೋನಿನ ಶುಲ್ಕ, ದಂಡ ಮಾಲೀಕರದ್ದು, ನಿಲ್ಲಿಸಿದರೆ ದಿನಕ್ಕೆ ಇಷ್ಟು ಬತ್ತೆ" ಅಂತ ಒಂದು ವಾಟ್ಸಾಪ್ ಮೆಸೇಜ್ ಹಾಕಿ, ಅವರಿಂದ ಒಂದು "ಆಯಿತು" ಬರೆಸಿಕೊಳ್ಳಿ. ಅಷ್ಟು ಸಾಕು, ಜಗಳ ಬೇಡ. ಮೂರು ದಿನ ಬಾರ್ಡರಿನಲ್ಲಿ ಕೂತದ್ದಕ್ಕೆ ಸಂಬಳ ಕತ್ತರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಗಲ್ಫಿನಲ್ಲಿ ಹೆವಿ ಲೈಸೆನ್ಸ್ ಮಾಡಿಸಿ ಅಲ್ಲಿಂದ ಯುರೋಪಿನ ಕಡೆ ನೋಡುವ ಹುಡುಗರಿಗೂ ಇದೇ ಮಾತು. ಅಲ್ಲಿ ಊರಿಗೊಂದು ನಿಯಮ. ಜರ್ಮನಿಯಲ್ಲಿ 2008ರಿಂದ ಸ್ಟಿಕ್ಕರ್ ಪದ್ಧತಿ ಇದೆ, ಈಗ ಗಾಜಿಗೆ ಹಸಿರು ಸ್ಟಿಕ್ಕರ್ ಬೇಕು, ಇಲ್ಲದೆ ಝೋನಿನೊಳಗೆ ಹೋದರೆ 100 ಯೂರೋ ದಂಡ. ಪ್ಯಾರಿಸಿನಲ್ಲಿ ಕ್ರಿಟ್‌ಏರ್ ಅಂತ ಬೇರೆ ಸ್ಟಿಕ್ಕರ್ ತಂದಿದ್ದರು. ನೆದರ್ಲೆಂಡ್ಸಿನಲ್ಲಿ 2025ರ ಜನವರಿಯಿಂದ ಹಲವು ನಗರಗಳ ನಡು ಪೇಟೆಗೆ ಹೊಗೆಯೇ ಇಲ್ಲದ ವ್ಯಾನ್, ಲಾರಿ ಬೇಕು ಅಂತ ಆಗಿದೆ, ಹಳೆಯವಕ್ಕೆ ಸ್ವಲ್ಪ ವರ್ಷದ ವಾಯಿದೆ ಕೊಟ್ಟಿದ್ದಾರೆ. ಕೆಲಸಕ್ಕೆ ಸೇರುವ ದಿನವೇ ಕೇಳಿ: ಸ್ಟಿಕ್ಕರ್ ಗಾಡಿಯಲ್ಲಿ ಉಂಟಾ, ದಿನದ ಶುಲ್ಕ ಯಾರು ಕಟ್ಟುತ್ತಾರೆ, ಕ್ಯಾಮೆರಾ ಹೊಡೆದ ದಂಡ ಯಾರ ಹೆಸರಿಗೆ ಬರುತ್ತದೆ.

ನನ್ನ ಬಿಎಸ್-4 ಲಾರಿಯನ್ನು ಇನ್ನೂ ಮಾರಿಲ್ಲ. ಬೈಕಂಪಾಡಿಯಿಂದ ಹಾಸನಕ್ಕೆ ವಾರಕ್ಕೆ ಮೂರು ಲೋಡು ಸಿಗುತ್ತಿದೆ, ಅದರಲ್ಲೇ ಓಡಿಸುತ್ತಿದ್ದೇನೆ. ಹಾಸನದಲ್ಲೇ ಒಂದು 2021ರ ಗಾಡಿ ಮಾರಾಟಕ್ಕಿದೆ ಅಂತ ಮೊನ್ನೆ ಒಬ್ಬರು ಹೇಳಿದರು. ಆರ್‌ಸಿಯ ಹಿಂಬದಿಯ ಫೋಟೋ ಕಳಿಸಿ ಎಂದಿದ್ದೇನೆ. ಅದು ಬಂದ ಮೇಲೆ, ಒಂದು ಬಿಳಿ ಬಟ್ಟೆ ಹಿಡಿದುಕೊಂಡು ಹೋಗಿ ಗಾಡಿ ನೋಡಿ ಬರಬೇಕು.